ಹಳೇಬೀಡೋ ಹಳೆಬೀಡೋ? ಬೋರ್ಡು ಪ್ರಿಂಟಿಗೆ ಹೋಗುವ ಮುಂಚೆ ಹೇಳಿ

‘ಬೇಲೂರು ದಾರಿ’ ಎಂಬ ಹೆಸರಿನವರು ಕೇಳಿದ್ದು:

ಹಾಸನ–ಬೇಲೂರು–ಚಿಕ್ಕಮಗಳೂರು ದಾರಿಗೆ ಹತ್ತು ಬೋರ್ಡು ಆಗಬೇಕು. ಆರು ದಾರಿ ತೋರಿಸುವವು, ಮೂರು ಹೋಂಸ್ಟೇಗಳದ್ದು, ಒಂದು ಗ್ರಾಮ ಪಂಚಾಯಿತಿ ಕಟ್ಟಡದ್ದು. ಆ ಕಟ್ಟಡದ ಉದ್ಘಾಟನೆಯ ಆಹ್ವಾನ ಪತ್ರಿಕೆಯೂ ಇದೆ. ಮ್ಯಾಟರ್ ಮೂರು ಕಡೆಯಿಂದ ಬಂದಿದೆ, ಮೂರರಲ್ಲೂ ಕಾಗುಣಿತ ಮೂರು ಥರ. ಹಳೇಬೀಡು–ಹಳೆಬೀಡು, ಅರಸೀಕೆರೆ–ಅರಸಿಕೆರೆ, ಚನ್ನರಾಯಪಟ್ಟಣ–ಚೆನ್ನರಾಯಪಟ್ಟಣ, ಸಕಲೇಶಪುರ–ಶಕಲೇಶಪುರ, ಚಿಕ್ಕಮಗಳೂರು–ಚಿಕ್ಕಮಂಗಳೂರು, ತಾಲೂಕು–ತಾಲ್ಲೂಕು, ಪಂಚಾಯತಿ–ಪಂಚಾಯಿತಿ, ಹೋಂಸ್ಟೇ–ಹೋಮ್‌ಸ್ಟೇ. ಒಬ್ಬರು “ಜನಕ್ಕೆ ಅರ್ಥ ಆದರೆ ಸಾಕು ಬಿಡಿ” ಅಂತಾರೆ. ಇನ್ನೊಬ್ಬರು ಒಂದಕ್ಷರ ತಪ್ಪಿದರೂ ಬೋರ್ಡು ಕೀಳಿಸ್ತೀನಿ ಅಂತ ಕೂತಿದ್ದಾರೆ. ಇದರಲ್ಲಿ ನಿಜವಾಗಿ ತಪ್ಪು ಯಾವುದು, ಎರಡೂ ನಡೆಯುವುದು ಯಾವುದು?

ಕರಡಚ್ಚು:

ನಿಮ್ಮ ಪಟ್ಟಿಯಲ್ಲಿ ಬೇರೆ ಬೇರೆ ಜಾತಿಯ ತಕರಾರುಗಳು ಒಟ್ಟಿಗೆ ಬಿದ್ದಿವೆ. ಒಂದೇ ತಕ್ಕಡಿಯಲ್ಲಿ ತೂಗಿದರೆ ಜಗಳ ಮುಗಿಯಲ್ಲ.

ಚಿಕ್ಕಮಂಗಳೂರು ಮತ್ತು ಶಕಲೇಶಪುರ, ಇವೆರಡು ಸೀದಾ ತಪ್ಪು. ಚಿಕ್ಕಮಗಳೂರು ಎಂದರೆ ಚಿಕ್ಕ ಮಗಳ ಊರು. ಸಖರಾಯಪಟ್ಟಣದ ರುಕ್ಮಾಂಗದ ದೊರೆ ಚಿಕ್ಕ ಮಗಳಿಗೆ ಬಳುವಳಿ ಕೊಟ್ಟದ್ದೆಂಬ ಐತಿಹ್ಯ, ದೊಡ್ಡ ಮಗಳದ್ದು ಪಕ್ಕದ ಹಿರೇಮಗಳೂರು. ಮಂಗಳೂರನ್ನು ಬರೆದು ಬರೆದು ರೂಢಿಯಾದ ಕೈ ನಡುವೆ ಒಂದು ಸೊನ್ನೆ ತೂರಿಸುತ್ತದೆ, ಅಷ್ಟೆ. ಸಕಲೇಶಪುರದ ಹೆಸರು ಸಕಲೇಶ್ವರ ಗುಡಿಯಿಂದ ಬಂದದ್ದು. ‘ಸ’ ಬರೆದರೆ ಹಳ್ಳಿ ಮಾತು ಅಂದುಕೊಂಡಾರು ಎಂಬ ಅಳುಕಿಗೆ ‘ಶ’ ಮಾಡುತ್ತಾರೆ. ‘ಶಕಲ’ ಎಂದರೆ ತುಂಡು, ಚೂರು. ಚೂರುಗಳ ಒಡೆಯನ ಊರಾಗುತ್ತದೆ.

ಹಳೇಬೀಡು, ಅರಸೀಕೆರೆ ಹಾಗಲ್ಲ. ಬಿಡಿಸಿ ನೋಡಿದರೆ ಹಳೆ ಬೀಡು, ಅರಸಿಯ ಕೆರೆ; ಎರಡೂ ಹ್ರಸ್ವವೇ. ಸೇರಿಸಿ ಕರೆಯುವಾಗ ಮೊದಲ ಪದದ ಕೊನೆ ಎಳೆಯಿತು, ಆ ಎಳೆತವೇ ಬರಹದಲ್ಲೂ ನಿಂತಿತು. ತರೀಕೆರೆಯನ್ನೂ ನೋಡಿ. ಹಳೆಬೀಡು ಎಂದು ಬರೆದವರನ್ನು ವ್ಯಾಕರಣ ಹಿಡಿಯಲಾರದು, ಆದರೆ ಊರ ಹೆಸರಿನಲ್ಲಿ ರೂಢಿಯ ಮಾತೇ ಕೊನೆ. ದೀರ್ಘವನ್ನೇ ಇಡಿ. ಮೂಲಕ್ಕೇ ಹೋಗುತ್ತೇನೆ ಎಂದು ಹಟ ಹಿಡಿದರೆ ಅಲ್ಲಿಯೂ ನೆಲ ಗಟ್ಟಿಯಿಲ್ಲ: ಆ ಊರಿನ ಹಿಂದಿನ ಹೆಸರು ಶಾಸನಗಳಲ್ಲಿ ದೋರಸಮುದ್ರ ಎಂದೂ ಇದೆ, ದ್ವಾರಸಮುದ್ರ ಎಂದೂ ಇದೆ. ಚನ್ನ–ಚೆನ್ನ ಎರಡೂ ಸಾಧು. ಊರಿಗೆ ಚನ್ನರಾಯಪಟ್ಟಣ ಚಾಲ್ತಿಯಲ್ಲಿದೆ, ಅದನ್ನೇ ಹಿಡಿಯಿರಿ.

ತಾಲ್ಲೂಕು–ತಾಲೂಕು ನಡೆಯುತ್ತದೆ. ಅರಬ್ಬಿ ಮೂಲದಲ್ಲಿ ‘ಲ’ಕಾರ ಇಮ್ಮಡಿ, ಆದ್ದರಿಂದ ಒತ್ತು ಕೊಡುವವರಿಗೂ ಆಧಾರವಿದೆ. ‘ಪಂಚಾಯಿತಿ’ ಎಂಬ ರೂಪ ಪತ್ರಿಕೆಗಳಲ್ಲಿ ಹೆಚ್ಚು. 1993ರ ಅಧಿನಿಯಮದ ಹೆಸರಿನಲ್ಲಿರುವುದು ‘ಪಂಚಾಯತ್ ರಾಜ್’. ಇದಕ್ಕೆ ನಿಘಂಟು ತೆಗೆಯುವ ಬದಲು ಆ ಕಚೇರಿಯ ಮೊಹರು ನೋಡಿ, ಅದರಲ್ಲಿ ಏನಿದೆಯೋ ಅದೇ ಗೋಡೆಯ ಮೇಲೂ ಇರಲಿ.

ನಿಜವಾದ ಹೊಂಡ ಇರುವುದು ಆಹ್ವಾನ ಪತ್ರಿಕೆಯಲ್ಲಿ. ಅಭಿವೃದ್ಧಿ, ಪ್ರಸಿದ್ಧ, ಸ್ವಚ್ಛ: ಒಂದೇ ವರ್ಗದ ಎರಡು ಅಕ್ಷರ ಕೂಡಿದಾಗ ಮೇಲಿನದು ಅಲ್ಪಪ್ರಾಣ, ಮಹಾಪ್ರಾಣ ಇರುವುದು ಒತ್ತಿನಲ್ಲಿ. ಇದೊಂದು ನೆನಪಿದ್ದರೆ ಅಭಿವೃಧ್ದಿ, ಅಭಿವೃದ್ದಿ, ಅಭಿವೃಧ್ಧಿ ಮೂರೂ ತಾವಾಗಿ ಉದುರುತ್ತವೆ. ವಿದ್ಯಾ ಮತ್ತು ಅರ್ಥಿ ಸೇರಿ ವಿದ್ಯಾರ್ಥಿ, ‘ದ್ಯಾ’ಗೆ ಮಹಾಪ್ರಾಣವಿಲ್ಲ. ಹೃದಯದಿಂದ ಹಾರ್ದಿಕ, ‘ರ್ಧಿ’ ಅಲ್ಲ. ಆಶೀರ್ವಾದ ಆರ್ಶೀವಾದ ಆಗುವುದಕ್ಕೆ ಕಾರಣ ಅರ್ಕಾವತ್ತು. ಅದು ಬಾಯಲ್ಲಿ ಮೊದಲು, ಕಾಗದದಲ್ಲಿ ಆಮೇಲೆ. ‘ಶೀರ್’ ಎಂದು ನಿಲ್ಲಿಸಿ ‘ವಾ’ ಅನ್ನಿ. ಅರ್ಕಾವತ್ತು ಆ ‘ವಾ’ ಪಕ್ಕಕ್ಕೇ ಬರಬೇಕು.

ಜನರ ಹೆಸರಿಗೆ ಮಾತ್ರ ಈ ನಿಯಮ ಒಯ್ಯಬೇಡಿ. ‘ಸಿದ್ಧ’ ಸರಿಯೆಂದು ಸಿದ್ದೇಗೌಡರನ್ನು ಸಿದ್ಧೇಗೌಡರು ಮಾಡುವ ಹಕ್ಕು ನಮಗಿಲ್ಲ. ಅವರು ಸಹಿ ಹೇಗೆ ಹಾಕುತ್ತಾರೋ ಹಾಗೆ.

ಉಲಿದಂತೆ ಬರಿ:

ಕರಡಚ್ಚು ಅವರೇ, ನಿಮ್ಮ ಪಟ್ಟಿಯಲ್ಲಿ ತಪ್ಪುಗಳೆಲ್ಲ ಎಲ್ಲಿ ಗುಂಪುಕಟ್ಟಿವೆ ನೋಡಿ. ಮನೆ, ಹಳ್ಳ, ಬೆಟ್ಟ, ತೋಟ, ಗದ್ದೆ ಬರೆಯುವಾಗ ಯಾರೂ ಎಡವುವುದಿಲ್ಲ. ಎಡವುವುದು ಅಬಿವ್ರುದ್ದಿ, ಉದ್ಗಾಟನೆಗಳಲ್ಲಿ. ಬಾಯಲ್ಲಿ ಇಲ್ಲದ ಸದ್ದನ್ನು ಕಯ್ ನೆನಪಿಟ್ಟುಕೊಳ್ಳಬೇಕು ಅಂದರೆ ಹೀಗೇ ಆಗುವುದು. ನುಡಿ ಪಂಡಿತ ಡಿ.ಎನ್. ಶಂಕರ ಬಟ್ಟರು ಮುಂದಿಟ್ಟ ಹೊಸಬರಹ ಕೇಳುವುದು ಇದನ್ನೇ: ಮಹಾಪ್ರಾಣ, ಷ, ಋ ಬಿಟ್ಟುಬಿಡಿ, ಉಲಿದಂತೆ ಬರೆಯಿರಿ. ನಾನಿಲ್ಲಿ ಬರೆದದ್ದು ನಿಮಗೆ ತಿಳಿಯಲಿಲ್ಲವೇ?

ಬೇಲೂರು ತಾಲೂಕಿನ ಹಲ್ಮಿಡಿಯನ್ನೇ ತೆಗೆದುಕೊಳ್ಳಿ. ಸುಮಾರು 450ರ ಅಲ್ಲಿನ ಕಲ್ಬರಹದಲ್ಲಿ ಊರ ಹೆಸರು ಪಲ್ಮಡಿ. ಅದರ ಜೊತೆಗೆ ಕೊಡುಗೆಯಾಗಿ ಕೊಟ್ಟ ಇನ್ನೊಂದು ಊರು ಮೂೞಿವಳ್ಳಿ. ಹಳಗನ್ನಡದ ಆ ೞ ಅಕ್ಷರ ಈಗ ಎಲ್ಲಿ? ಱ ಎಲ್ಲಿ? ಅವನ್ನು ಬಿಟ್ಟಾಗ ಕನ್ನಡ ಮುಳುಗಲಿಲ್ಲ.

ಹೇಮಾವತಿ ದಂಡೆ:

ತಿಳಿಯಿತು ಸರ್, ಒಂದೇ ಓದಿಗೆ ತಿಳಿಯಿತು. ಅಪ್ಪಟ ಕನ್ನಡ ಪದಗಳಲ್ಲಿ ಮಹಾಪ್ರಾಣ ಇಲ್ಲವೆಂಬಷ್ಟು ಅಪರೂಪ ಎನ್ನುವುದೂ ನಿಜ. ಆದರೆ ೞ ಹೋದ ಬಗೆ ಬೇರೆ. ಮೊದಲು ನಾಲಿಗೆ ಬಿಟ್ಟಿತು, ಆಮೇಲೆ ಕೈ ತಡವರಿಸಿತು, ಕೊನೆಗೆ ಅಕ್ಷರಮಾಲೆಯಿಂದ ಜಾರಿತು. ಹೊಯ್ಸಳರ ಕಾಲದ, 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ೞ ಬರುವ ಪದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು. ಜನ ಅಷ್ಟು ಹೊತ್ತಿಗೇ ಗಲಿಬಿಲಿಯಲ್ಲಿದ್ದರು, ಇಲ್ಲದಿದ್ದರೆ ಪಟ್ಟಿ ಯಾಕೆ? ತಿದ್ದುವವನ ಪಟ್ಟಿಯೇ ಬದಲಾವಣೆಗೆ ಸಾಕ್ಷಿ. ಆದರೂ ಯಾರೂ ಕೂತು ತೀರ್ಮಾನ ಮಾಡಿ ಆ ಅಕ್ಷರವನ್ನು ತೆಗೆಯಲಿಲ್ಲ.

ಇನ್ನು ಉಲಿದಂತೆ ಅಂದರೆ ಯಾರು ಉಲಿದಂತೆ? ನಮ್ಮ ಹಾಸನ ಸೀಮೆಯ ಹಳ್ಳಿಗಳಲ್ಲಿ ಮೊದಲ ಹಕಾರ ನಿಲ್ಲುವುದೇ ಇಲ್ಲ. ಹಾಸನ ‘ಆಸ್ನ’, ಹಳೇಬೀಡು ‘ಅಳೇಬೀಡು’. ಪಲ್ಮಡಿಯ ಪಕಾರ ಹಕಾರವಾಯಿತು, ಅದೇ ಹಕಾರ ಈಗ ಉಚ್ಚಾರದಲ್ಲಿ ‘ಅಲ್ಮಿಡಿ’ ಆಗಿ ಸೊನ್ನೆಗೆ ಬರುತ್ತಿದೆ. ಹಾಗೆಂದು ಬಸ್ಸಿನ ಬೋರ್ಡಿನಲ್ಲಿ ‘ಆಸನ’ ಎಂದು ಬರೆದರೆ ‘ಆಸ್ನ’ ಅನ್ನುವವರೇ ಮೊದಲು ಜಗಳಕ್ಕೆ ಬರುತ್ತಾರೆ, ಸೀಟು ಎಲ್ಲಿ ಅಂತ.

ವಾಕ್ಯದಲ್ಲಾದರೆ ಹಿಂದುಮುಂದಿನ ಮಾತು ತಪ್ಪನ್ನು ಕಾಯುತ್ತದೆ. ಬೋರ್ಡಿನಲ್ಲಿ ಇರುವುದೇ ಎರಡು ಪದ. ‘ಮಧ್ಯದ ಅಂಗಡಿ’ ಎಂದರೆ ನಡುವಿನ ಅಂಗಡಿ, ಕುಡಿಯುವವರದ್ದಲ್ಲ. ‘ದನ ಸಹಾಯ’ ಕೊಟ್ಟವರ ಪಟ್ಟಿ ಅಂದರೆ ಎತ್ತು ಕೊಟ್ಟವರು. ‘ಗ್ರಹಪ್ರವೇಶ’ದಲ್ಲಿ ಮನೆ ಹೊಕ್ಕುವುದು ಶನಿಯೋ ರಾಹುವೋ. ‘ಶಂಕರ’ ಶಿವ, ‘ಸಂಕರ’ ಬೆರಕೆ. ಇಂಥ ಕಡೆ ಅಕ್ಷರ ಬಿಡಲಾಗದು.

ಎರವಲು ಪದಕ್ಕೆ ಬಂದರೆ ನಿಮ್ಮ ಮಾತೇ ಗೆಲ್ಲುತ್ತದೆ. ಅಲ್ಲಿ ಧಾತು, ಪ್ರತ್ಯಯ ಹಿಡಿಯಲು ಏನೂ ಇಲ್ಲ, ಬಾಯೇ ಪ್ರಮಾಣ. ಹೋಂಸ್ಟೇ ಓದಿದರೆ ಸರಿಯಾಗಿ ‘ಹೋಮ್’ ಎಂದೇ ಕೇಳಿಸುತ್ತದೆ, ಯಾಕೆಂದರೆ ‘ಸ’ ಮುಂದಿದ್ದಾಗ ಸೊನ್ನೆ ಮಕಾರವಾಗುತ್ತದೆ, ‘ಸಂಸ್ಥೆ’ ಇದ್ದ ಹಾಗೆ. ಮುಂದೆ ‘ಟ’ ಇದ್ದಿದ್ದರೆ ಈ ಸೌಲಭ್ಯ ಇಲ್ಲ, ‘ಗಂಟೆ’ಯ ಹಾಗೆ ಣಕಾರ ಆಗುತ್ತಿತ್ತು. ಹೋಮ್‌ಸ್ಟೇ ಕೂಡ ಸರಿ, ಆದರೆ ಅದರೊಳಗೊಂದು ಕಣ್ಣಿಗೆ ಕಾಣದ ಅಕ್ಷರ ಇದೆ. ಪ್ರಿಂಟಿನಲ್ಲಿ ಅದು ಕೈಕೊಡುತ್ತದೆ.

ಅಕ್ಷರ ಜೋಡಣೆ:

ಹೌದು, ಆ ಕಾಣದ ಅಕ್ಷರದ ವಿಷಯ. ಅರ್ಧಾಕ್ಷರದ ಮುಂದೆ ಬರುವ ವ್ಯಂಜನ ಒತ್ತಾಗಿ ಕೆಳಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ವರ್ಡ್‌ನಲ್ಲಿ ಆ ಸಂಖ್ಯೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಕೂರುತ್ತದೆ. ಅದು ಕಳೆದುಹೋದರೆ ಹೋಮ್ಸ್ಟೇ ಆಗಿ ಮಕಾರದ ಕೆಳಗೆ ಎರಡು ಒತ್ತು ಗುಡ್ಡೆ ಬೀಳುತ್ತವೆ, ಕೆಳಗಿನ ಸಾಲಿಗೆ ತಾಗುತ್ತವೆ. ಹೋಂಸ್ಟೇಗೆ ಈ ರಗಳೆ ಇಲ್ಲ, ಅದನ್ನೇ ಹಾಕಿ.

ಮ್ಯಾಟರ್ ಬಂದ ಕೂಡಲೇ ಕಾಗುಣಿತಕ್ಕೂ ಮುಂಚೆ ಎರಡು ಹುಡುಕಾಟ ಮಾಡಿ. ಸೊನ್ನೆಯ ಜಾಗದಲ್ಲಿ ಕನ್ನಡ ಅಂಕಿ ೦, ಅರ್ಕಾವತ್ತಿನ ಜಾಗದಲ್ಲಿ ಕನ್ನಡ ಅಂಕಿ ೯ ಕೂತಿರುತ್ತವೆ. ಕಣ್ಣಿಗೆ ವ್ಯತ್ಯಾಸವೇ ತಿಳಿಯಲ್ಲ. ಫಾಂಟ್ ಬದಲಾಯಿಸಿದಾಗ ಒಂದು ಅಕ್ಷರ ದಪ್ಪ ಒಂದು ತೆಳು ಆಗಿ ಬಣ್ಣ ಬಯಲಾಗುತ್ತದೆ. ಹುಡುಕು ಪೆಟ್ಟಿಗೆಯಲ್ಲಿ ೦ ಮತ್ತು ೯ ಹಾಕಿ, ಸಿಕ್ಕಿದ್ದನ್ನು ಒಂದೊಂದಾಗಿ ನೋಡಿ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದಿನಾಂಕದೊಳಗಿನ ಅಂಕಿಗಳೂ ಹಾಳಾಗುತ್ತವೆ.

ಹಳೆಯ ನುಡಿ ಫಾಂಟಿನ ಕಡತವನ್ನು ಯೂನಿಕೋಡಿಗೆ ತಿರುಗಿಸಿದ್ದರೆ ಅರ್ಕಾವತ್ತು ಮತ್ತು ಒತ್ತು ಎರಡೂ ಇರುವ ಪದಗಳನ್ನು (ಸಾಮರ್ಥ್ಯ, ಈರ್ಷ್ಯೆ) ಮೂಲದ ಜೊತೆ ಇಟ್ಟು ಓದಿ. ಫೋಟೊಶಾಪ್‌ನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಪಕ್ಕಕ್ಕೆ ನಿಂತರೆ ಅದು ಕಾಗುಣಿತದ ತಪ್ಪಲ್ಲ. ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್‌ಗೆ ಹೋಗಿ ವರ್ಲ್ಡ್‌ರೆಡಿ ಆಯ್ಕೆ ಮಾಡಿ, ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಕಳಿಸುವಾಗ ಅಕ್ಷರಗಳನ್ನು ಔಟ್‌ಲೈನ್ ಮಾಡಿದ ಪಿಡಿಎಫ್ ಕಳಿಸಿ. ಆಮೇಲೆ ತಿದ್ದಲು ಬರಲ್ಲ, ಹಾಗಾಗಿ ತಿದ್ದಬಹುದಾದ ಪ್ರತಿ ನಿಮ್ಮಲ್ಲಿರಲಿ.

ಫ್ಲೆಕ್ಸಿನಲ್ಲಿ ಕೊನೆಯ ಕಂಟಕ ಅಕ್ಷರಕ್ಕೆ ಹಾಕುವ ಬಿಳಿ ಬಾರ್ಡರ್. ‘ಧ’ಕ್ಕೂ ‘ದ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. ದಪ್ಪ ಫಾಂಟು, ಅದರ ಮೇಲೆ ದಪ್ಪ ಬಾರ್ಡರ್ ಬಂದರೆ ಸೀಳು ಮುಚ್ಚಿಹೋಗುತ್ತದೆ, ಕರಡಚ್ಚು ಸರ್ ಕಷ್ಟಪಟ್ಟು ತಿದ್ದಿದ ಅಭಿವೃದ್ಧಿ ಮತ್ತೆ ಅಭಿವೃದ್ದಿ! ಬಾರ್ಡರನ್ನು ಅಕ್ಷರದ ಹಿಂದಿನ ಪದರದಲ್ಲಿ ಹಾಕಿ, ಒಳಮೈ ತಿನ್ನದಂತೆ ನೋಡಿಕೊಳ್ಳಿ. ಪ್ರಿಂಟಿಗೆ ಮುಂಚೆ ಎ4 ಹಾಳೆಯಲ್ಲಿ ತೆಗೆದು ಐದಾರು ಅಡಿ ದೂರದಿಂದ ಓದಿಸಿ, ಅದೂ ಮ್ಯಾಟರ್ ಗೊತ್ತಿಲ್ಲದವರ ಕೈಯಲ್ಲಿ.

ಇಂಗ್ಲಿಷ್ ಸಾಲಿಗೆ Chikmagalur ಎಂಬ ಹಳೆ ರೂಪ ಬೇಡ, 2014ರ ನವೆಂಬರ್ 1ರಿಂದ ಬದಲಾದ 12 ನಗರಗಳ ಹೆಸರಿನಲ್ಲಿ ಚಿಕ್ಕಮಗಳೂರೂ ಇದೆ, ಕನ್ನಡದಲ್ಲಿ ಉಚ್ಚರಿಸುವ ಹಾಗೇ ಬರೆಯಬೇಕು. ಹಾಸನ ಆ ಪಟ್ಟಿಯಲ್ಲಿಲ್ಲ, ಇಂಗ್ಲಿಷಿನಲ್ಲಿ ಎರಡು ಎಸ್ ಉಳಿದಿವೆ. ಆ ಇಂಗ್ಲಿಷನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿದರೆ ‘ಹಸ್ಸನ್’ ಬರುತ್ತದೆ, ಹುಷಾರು.

ಬೇಲೂರು ದಾರಿ:

ಎಲ್ಲರಿಗೂ ಧನ್ಯವಾದ. ಹಳೇಬೀಡು, ಅರಸೀಕೆರೆ, ಚನ್ನರಾಯಪಟ್ಟಣ, ಸಕಲೇಶಪುರ, ಚಿಕ್ಕಮಗಳೂರು, ತಾಲ್ಲೂಕು, ಹೋಂಸ್ಟೇ ಅಂತ ಒಂದು ಹಾಳೆಯಲ್ಲಿ ಬರೆದು ಮೂವರಿಗೂ ಕಳಿಸುತ್ತೇನೆ. ಮೊಹರಿನಲ್ಲಿ ‘ಪಂಚಾಯಿತಿ’ ಇದೆ, ಅದೇ ಇರಲಿ. ಹುಡುಕಿದಾಗ ಅಂಕಿ ೦ ನಾಲ್ಕು ಕಡೆ ಸಿಕ್ಕಿತು. ಇನ್ನೊಂದೇ ಒಂದು: ಒಂದು ಹೋಂಸ್ಟೇ ಬೋರ್ಡಿನ ಮೇಲೆ ‘ಸುಸ್ವಾಗತ’ ಬೇಕಂತೆ. ಜಾಗ ಸಾಲುತ್ತಿಲ್ಲ.

ಕರಡಚ್ಚು:

ಸು ಮತ್ತು ಆಗತ ಸೇರಿಯೇ ಸ್ವಾಗತ. ಇನ್ನೊಂದು ‘ಸು’ ಹೆಚ್ಚುವರಿ, ರೂಢಿಯಲ್ಲಿದೆ ಅಂತ ಯಾರೂ ಬೈಯುವುದಿಲ್ಲ ಅಷ್ಟೆ. ತೆಗೆದುಬಿಡಿ, ಜಾಗವೂ ಸಿಗುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ 2024ರ ತಿದ್ದುಪಡಿಯ ಪ್ರಕಾರ ಬೋರ್ಡಿನ ಶೇ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಉಳಿದ ಜಾಗದಲ್ಲಿ ಹೋಂಸ್ಟೇ ಹೆಸರನ್ನು ದೊಡ್ಡದು ಮಾಡಿ.