ಅರಬ್ಬಿ ವರ್ತಮಾನ ಕಾಲ: ನಡುವಿನ ಸ್ವರ ಹಿಡಿಯೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಅಂತ ಸೌದಿಯ ದಮ್ಮಾಮ್‌ಗೆ ಬಂದು ಎಂಟು ತಿಂಗಳಾಯಿತು. ರಾತ್ರಿ ರೂಮಿನಲ್ಲಿ ಕೂತು ಪುಸ್ತಕದ ಅರಬ್ಬಿ ಕಲಿಯುತ್ತಿದ್ದೇನೆ.

ವರ್ತಮಾನ ಕಾಲದಲ್ಲಿ ಕ್ರಿಯಾಪದದ ಶುರುವಿಗೆ ಸೇರುವ ಅಕ್ಷರಗಳು ಅರ್ಥವಾಗಿವೆ. ಅಕ್ತುಬು ಅಂದರೆ ಬರೆಯುತ್ತೇನೆ, ನಕ್ತುಬು ಬರೆಯುತ್ತೇವೆ, ಯಕ್ತುಬು ಬರೆಯುತ್ತಾನೆ. ತಕ್ತುಬು ಮಾತ್ರ 'ನೀನು ಬರೆಯುತ್ತೀಯ' (ಗಂಡಸಿಗೆ), 'ಅವಳು ಬರೆಯುತ್ತಾಳೆ' ಎರಡೂ ಹೌದು. ಇರಲಿ, ಸಂದರ್ಭ ನೋಡಿ ತಿಳಿದುಕೊಳ್ಳಬಹುದು.

ತಲೆ ಕೆಟ್ಟಿರುವುದು ನಡುವಿನ ಸ್ವರಕ್ಕೆ. ಭೂತಕಾಲದಲ್ಲಿ ಕತಬ (ಬರೆದ), ಜಲಸ (ಕೂತ), ಫತಹ (ತೆರೆದ) ಮೂರೂ ಒಂದೇ ಅಚ್ಚು. ವರ್ತಮಾನಕ್ಕೆ ಬಂದರೆ ಯಕ್ತುಬು, ಯಜ್ಲಿಸು, ಯಫ್ತಹು! ಒಂದರಲ್ಲಿ ಉ, ಇನ್ನೊಂದರಲ್ಲಿ ಇ, ಮತ್ತೊಂದರಲ್ಲಿ ಅ. ಮೂಲದ (ಕ-ತ-ಬ ಥರದ ಮೂರು ವ್ಯಂಜನಗಳ) ಎರಡನೇ ಅಥವಾ ಮೂರನೇ ಅಕ್ಷರ ಗಂಟಲಿನದಾದರೆ ಜಾಸ್ತಿ 'ಅ' ಬರುತ್ತದೆ ಅಂತ ಓದಿದೆ. ಖುಷಿಯಾಯಿತು. ಮರುದಿನವೇ ದಖಲ (ಒಳಗೆ ಹೋದ) ಸಿಕ್ಕಿತು, ನಡುವೆ ಗಂಟಲಿನ 'ಖ' ಇದ್ದರೂ ಅದು ಯದ್ಖುಲು ಅಂತೆ.

ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ, ಆ್ಯಪ್ ಹಾಕಿಕೊಂಡೆ, ಎರಡೇ ದಿನಕ್ಕೆ ಮರೆತುಹೋಯಿತು. ಜೊತೆಗಿರುವ ಈಜಿಪ್ಟಿನವರನ್ನು ಕೇಳಿದರೆ ಯಕ್ತುಬು ಬದಲು ತಮ್ಮ ಆಡುಮಾತಿನಲ್ಲಿ 'ಬಿಯಿಕ್ತಿಬ್' ಅನ್ನುತ್ತಾರೆ, ಇನ್ನಷ್ಟು ಗೊಂದಲ.

ಅರಬ್ಬಿ ಕಲಿತವರು ದಯವಿಟ್ಟು ಹೇಳಿ: ಭೂತಕಾಲದ ರೂಪ ನೋಡಿ ಈ ಸ್ವರ ಊಹಿಸಲು ಬೇರೆ ನಿಯಮ ಇದೆಯಾ? ಅಥವಾ ಪ್ರತಿ ಕ್ರಿಯಾಪದವನ್ನೂ ಕತಬ-ಯಕ್ತುಬು ಅಂತ ಜೋಡಿಯಾಗಿಯೇ ಬಾಯಿಪಾಠ ಮಾಡಬೇಕಾ?