ಮನೆಯಲ್ಲಿ ಒಬ್ಬರು ಕುಡಿದರೆ ಉಳಿದವರು ಏನು ಮಾಡುವುದು?

ಪ್ರಶ್ನೆ (ದಾವಣಗೆರೆ): ಯಜಮಾನರ ಕುಡಿತ ವಿಪರೀತವಾಗಿದೆ. ಕೆಲಸಕ್ಕೆ ಹೋಗದ ದಿನ ‘ಜ್ವರ’ ಎಂದು ಫೋನ್ ಮಾಡಿ ತಿಳಿಸುವವಳು ನಾನೇ. ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಅವರ ಕೈಸಾಲ ತೀರಿಸಿದೆ. ಈಗ ಕಂತು ನನ್ನ ತಲೆಯ ಮೇಲೆ. ‘ನೀನು ಸರಿಯಾಗಿ ನೋಡಿಕೊಂಡಿದ್ದರೆ ಅವನೇಕೆ ಕುಡಿಯುತ್ತಿದ್ದ’ ಎನ್ನುತ್ತಾರೆ ಅತ್ತೆ. ಏಳನೇ ತರಗತಿಯ ಮಗ ಮಾತನ್ನೇ ಕಡಿಮೆ ಮಾಡಿದ್ದಾನೆ. ಇದನ್ನು ಕಂಡುಂಡವರು ದಯವಿಟ್ಟು ಹೇಳಿ.

ಹಾಸನದಿಂದ: ಅಕ್ಕ, ನಿಮ್ಮ ಮಗನ ವಯಸ್ಸಿನಲ್ಲಿ ನಾನೂ ಅಂಥದೇ ಮನೆಯಲ್ಲಿದ್ದೆ, ಅದಕ್ಕೇ ಮೊದಲು ಅವನ ವಿಚಾರ. ಅಪ್ಪ ಚಪ್ಪಲಿ ಬಿಡುವ ಸದ್ದಿನಲ್ಲೇ ಆ ರಾತ್ರಿ ಹೇಗೆಂದು ನನಗೆ ತಿಳಿಯುತ್ತಿತ್ತು. ಎರಡೂ ಚಪ್ಪಲಿ ಒಟ್ಟಿಗೆ ಬಿದ್ದರೆ ಪುಸ್ತಕ ತೆರೆಯಬಹುದು. ಗೋಡೆ ತಡಕಾಡುವ ಸದ್ದು ಕೇಳಿದರೆ ತಮ್ಮನ ಕೈ ಹಿಡಿದು ಹಿತ್ತಲಿಗೆ. ಕಿವಿ ಸದಾ ಬಾಗಿಲಲ್ಲೇ ಇರುವ ಮಗುವಿಗೆ ಗಣಿತ ಎಲ್ಲಿಂದ ತಲೆಗೆ ಹತ್ತಬೇಕು? ‘ಅಪ್ಪನಿಗೆ ಹುಷಾರಿಲ್ಲ’ ಎನ್ನುತ್ತಿದ್ದಳು ಅಮ್ಮ. ವಾಸನೆ ನಮಗೆ ಗೊತ್ತಾಗುತ್ತಿತ್ತು. ನಿಜ ಹೇಳಿದವರು ಸೋದರಮಾವ: ‘ಅಪ್ಪ ಕುಡಿಯುವುದು ನಿಮ್ಮ ದೆಸೆಯಿಂದಲ್ಲ. ಬಿಡಿಸುವ ಚಿಂತೆ ದೊಡ್ಡವರದು, ನೀವು ಓದಿಕೊಳ್ಳಿ, ಆಡಿಕೊಳ್ಳಿ.’ ಆ ಮಾತನ್ನು ನಿಮ್ಮ ಮಗ ನಿಮ್ಮ ಬಾಯಿಂದಲೇ ಕೇಳಲಿ. ಯಜಮಾನರು ಕೈ ಮಾಡುವವರಾದರೆ, ರಾತ್ರಿ ಹೋಗಿ ಮಲಗಲು ನೆಂಟರದೋ ನೆರೆಯವರದೋ ಒಂದು ಮನೆಯನ್ನು ಈಗಲೇ ಗೊತ್ತುಮಾಡಿಟ್ಟುಕೊಳ್ಳಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಧಾರವಾಡದಿಂದ: ವ್ಯಸನಮುಕ್ತಿ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಕುಡಿತ ಬಿಡಿಸಲೆಂದು ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿಯನ್ನು ಯಾರೇ ಹೇಳಿದರೂ ತರಬೇಡಿ. ಅದರಲ್ಲಿ ಮದ್ಯ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಎಂಬ ಔಷಧಿ ಇದ್ದರೆ, ತಿಳಿಯದೆ ಯಜಮಾನರು ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ. ದಿನವೂ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಏಕಾಏಕಿ ಬಿಡಿಸುವುದೂ ಬೇಡ. ಕೈನಡುಕದಿಂದ ಶುರುವಾಗಿ ಫಿಟ್ಸ್ ಬರಬಹುದು, ಎರಡು ಮೂರು ದಿನಗಳಲ್ಲಿ ಇಲ್ಲದ್ದೆಲ್ಲ ಕಾಣುವ ಸನ್ನಿ ಹಿಡಿಯಬಹುದು. ಅದು ವೈದ್ಯರು ಔಷಧಿ ಕೊಟ್ಟು ನೋಡಿಕೊಳ್ಳಬೇಕಾದ ಘಟ್ಟ. ಬೆಂಗಳೂರಿನ ನಿಮ್ಹಾನ್ಸ್, ಇಲ್ಲಿನ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯದ ಆಸ್ಪತ್ರೆಗಳಿವೆ. ಮೊದಲು ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೇ ಕಾಣಿ. ಯಜಮಾನರು ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋಗಿ. ನಿಮ್ಮ ನಿದ್ದೆ, ನಿಮ್ಮ ದುಗುಡಕ್ಕೂ ಅಲ್ಲಿ ಚಿಕಿತ್ಸೆ ಇದೆ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416.

ಮೈಸೂರಿನಿಂದ: ನಮ್ಮವರು ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದು ಬಿಟ್ಟರು, ನೆಂಟರ ಮದುವೆಯಲ್ಲಿ ಮತ್ತೆ ಹಿಡಿದರು, ಆಸ್ಪತ್ರೆಗೆ ಸೇರಿ ಮತ್ತೆ ಬಿಟ್ಟರು. ಮರಳಿ ಕುಡಿದರೆಂದು ಎಲ್ಲವೂ ಮುಗಿಯಿತು ಎಂದುಕೊಳ್ಳಬೇಡಿ ತಂಗಿ. ನಾನು ಸುಳ್ಳು ಫೋನ್ ಮಾಡುವುದನ್ನೂ ಬಾಕಿ ತೀರಿಸುವುದನ್ನೂ ನಿಲ್ಲಿಸಿದೆ. ಸಂಬಳ ಕಡಿತವಾದ ತಿಂಗಳೇ ಅವರು ಆಸ್ಪತ್ರೆಗೆ ಬರಲು ಒಪ್ಪಿದ್ದು. ಎಲ್ಲರ ಮನೆಯಲ್ಲೂ ಹೀಗೆಯೇ ಆಗುತ್ತದೆ ಎನ್ನಲಾರೆ, ಆದರೆ ಅವರಿಗಾಗಿ ಸಂಘದಲ್ಲಿ ಸಾಲವನ್ನಂತೂ ಇನ್ನು ತೆಗೆಯಬೇಡಿ. ಕುಡುಕರ ಮನೆಯವರಿಗಾಗಿಯೇ 1951ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಲ್-ಅನಾನ್ ಕೂಟಗಳು ನಮ್ಮಲ್ಲೂ ಇವೆ. ಅಲ್ಲಿ ನಿಮ್ಮ ಹೆಸರನ್ನು ಗುಟ್ಟಾಗಿಡುತ್ತಾರೆ. ಇನ್ನು ಅತ್ತೆಯವರನ್ನು ಒಮ್ಮೆ ವೈದ್ಯರ ಎದುರು ಕೂರಿಸಿ. ಸೊಸೆಯಿಂದ ಮಗ ಕೆಟ್ಟ ಎಂಬ ಮಾತು ನಮ್ಮ ಮನೆಯಲ್ಲಿ ನಿಂತದ್ದು, ಇದು ಕಾಯಿಲೆ ಎಂದು ವೈದ್ಯರು ನಮ್ಮತ್ತೆಗೆ ಬಿಡಿಸಿ ಹೇಳಿದ ಮೇಲೆ.