ಡೀಸೆಲ್ ಇಂಜಿನ್ ಕೂರಿಸಿದ ಮೇಲೆ ಆರ್‌ಪಿಎಂ ಮೀಟರ್ ಐಡ್ಲಿಂಗ್‌ನಲ್ಲೇ 4500 ತೋರಿಸ್ತಿದೆ

ಹಳೆಜೀಪು:
ಎಲ್ಲರಿಗೂ ನಮಸ್ಕಾರ. ಗಾಡಿ ಮಹೀಂದ್ರ ಸಿಜೆ-3ಬಿ. ಹರಿಕೇನ್ ಪೆಟ್ರೋಲ್ ಇಂಜಿನ್ ಇಳಿಸಿ ಪೂಜೋ ಎಕ್ಸ್‌ಡಿ3ಪಿ ಡೀಸೆಲ್ ಕೂರಿಸಿದ್ದೇನೆ. ಆರ್‌ಟಿಒ ಅನುಮತಿ, ಆರ್‌ಸಿಯಲ್ಲಿ ಇಂಧನ ಬದಲಾವಣೆ ಎಲ್ಲ ಆಗಿದೆ. ದಯವಿಟ್ಟು ಚರ್ಚೆ ಆ ಕಡೆ ಎಳೆಯಬೇಡಿ.

ತಲೆನೋವು ಇರೋದು ಆರ್‌ಪಿಎಂ ಮೀಟರ್‌ದು, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅಂತ ತೋರಿಸೋದು. ಪೆಟ್ರೋಲ್ ಕಾಲದಲ್ಲಿ ಜೆ.ಸಿ. ರೋಡಿನಿಂದ ತಂದು ಹಾಕಿದ್ದ ಮೀಟರ್, 8000ದವರೆಗೆ ಗೆರೆ ಇದೆ. ಆಗ ಇಗ್ನಿಷನ್ ಕಾಯಿಲ್‌ನ ಮೈನಸ್ ಕಡೆಯಿಂದ ಒಂದು ವೈರ್ ಬರುತ್ತಿತ್ತು, ಯಾವ ತಕರಾರೂ ಇರಲಿಲ್ಲ. ಡೀಸೆಲ್‌ನಲ್ಲಿ ಕಾಯಿಲ್ಲೇ ಇಲ್ಲವಲ್ಲ. ಹಾಗಾಗಿ ಎಲೆಕ್ಟ್ರಿಷಿಯನ್ ಆ ವೈರನ್ನು ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಅಲ್ಟರ್ನೇಟರ್) ಹಿಂದೆ 'ಡಬ್ಲ್ಯೂ' ಅಂತ ಗುರುತಿರುವ ಪಾಯಿಂಟ್‌ಗೆ ಸಿಕ್ಕಿಸಿಕೊಟ್ಟ.

ಈಗ ಆಗುತ್ತಿರುವುದು ಇದು. ಸೆಲ್ಫ್ ಹೊಡೆದು ಇಂಜಿನ್ ಎದ್ದ ಮೇಲೂ ಸೂಜಿ ಸೊನ್ನೆಯಲ್ಲೇ ಮಲಗಿರುತ್ತೆ. ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಎದ್ದು ತುದಿಗೆ ಬಡಿಯುತ್ತೆ. ಕಾಲು ತೆಗೆದರೆ 4500ರ ಹತ್ತಿರ ನಿಲ್ಲುತ್ತೆ. ಹೆಡ್‌ಲೈಟ್ ಹಾಕಿದರೆ ಸೂಜಿಗೆ ನಡುಕ. ಅಂಗಡಿಯವರು "ಮೀಟರ್ ಹೋಗಿದೆ, ಹೊಸದು ಹಾಕಿ" ಅಂತಾರೆ. ಹೌದಾ?

ವೈರಿಂಗ್‌ಹುಳ:
ಮೀಟರ್ ಬಿಸಾಡಬೇಡಿ ಸರ್. ನೀವು ಹೇಳಿದ್ದು ಒಂದು ದೋಷ ಅಲ್ಲ, ಮೂರು ಬೇರೆ ಬೇರೆ ದೋಷ. ಒಂದರಲ್ಲೂ ಮೀಟರ್ ತಪ್ಪಿಲ್ಲ.

ಮೊದಲು 4500ರ ಕಥೆ. ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್‌ನಲ್ಲಿ ಕ್ರ್ಯಾಂಕ್ (ಇಂಜಿನ್‌ನ ಮುಖ್ಯ ಶಾಫ್ಟ್) ಒಂದು ಸುತ್ತು ಹಾಕಿದರೆ ಎರಡು ಸ್ಪಾರ್ಕ್. ನಿಮ್ಮ ಮೀಟರ್‌ಗೆ ಗೊತ್ತಿರುವ ಲೆಕ್ಕ ಅದೊಂದೇ: ಎರಡು ಪಲ್ಸ್ ಬಂದರೆ ಒಂದು ಸುತ್ತು. ಡಬ್ಲ್ಯೂ ಪಾಯಿಂಟ್ ಅಂದರೆ ಅಲ್ಟರ್ನೇಟರ್ ಒಳಗಿನ ಮೂರು ಫೇಸ್‌ಗಳಲ್ಲಿ ಒಂದರಿಂದ, ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಿಂತ ಮೊದಲೇ ಹೊರಗೆ ತೆಗೆದ ತಂತಿ. ಸಾಮಾನ್ಯವಾಗಿ ರೋಟರ್‌ನಲ್ಲಿ (ಒಳಗೆ ತಿರುಗುವ ಅಯಸ್ಕಾಂತ) 12 ಪೋಲ್ ಇರುತ್ತೆ, ಅಂದರೆ ಅಲ್ಟರ್ನೇಟರ್ ಒಂದು ಸುತ್ತಿಗೆ 6 ಅಲೆ. ಮೀಟರ್‌ಗೆ ಒಂದೊಂದು ಅಲೆಯೂ ಒಂದು ಪಲ್ಸ್. ಅದರ ಮೇಲೆ ಪುಲ್ಲಿ ಲೆಕ್ಕ ಬೇರೆ. ಕ್ರ್ಯಾಂಕ್ ಪುಲ್ಲಿ ದೊಡ್ಡದು, ಡೈನಮೋ ಪುಲ್ಲಿ ಚಿಕ್ಕದು, ಹಾಗಾಗಿ ಡೈನಮೋ ಜಾಸ್ತಿ ವೇಗವಾಗಿ ತಿರುಗುತ್ತೆ. ಎರಡೂ ಪುಲ್ಲಿ ಅಳೆದು ಹೇಳಿ. ಹೊರ ಅಂಚಿನಿಂದ ಅಳೆಯಬೇಡಿ, ಬೆಲ್ಟ್ ಕೂರುವ ಜಾಗದಿಂದ ಅಳೆಯಿರಿ.

ಜೊತೆಗೆ ಮಲ್ಟಿಮೀಟರ್ ಎಸಿಗೆ ಹಾಕಿ ಡಬ್ಲ್ಯೂಗೂ ಬಾಡಿಗೂ ನಡುವೆ ವೋಲ್ಟೇಜ್ ನೋಡಿ. ಹರ್ಟ್ಸ್ ತೋರಿಸುವ ಮಲ್ಟಿಮೀಟರ್ ಆದರೆ ಅದನ್ನೂ ನೋಡಿ. ಲೈಟ್ ಹಾಕಿ ಒಮ್ಮೆ, ಹಾಕದೆ ಒಮ್ಮೆ. ಬೆಲ್ಟ್ ಹತ್ತಿರ ಕೈ ಹಾಕುವಾಗ ತುಂಬು ತೋಳಿನ ಶರ್ಟ್ ಬೇಡ.

ಹಳೆಜೀಪು:
ಅಳೆದೆ. ಕ್ರ್ಯಾಂಕ್ ಪುಲ್ಲಿ 14 ಸೆಂ.ಮೀ., ಡೈನಮೋ ಪುಲ್ಲಿ 7. ಸ್ಟಾರ್ಟ್ ಮಾಡಿದ ತಕ್ಷಣ ಡಬ್ಲ್ಯೂನಲ್ಲಿ ವೋಲ್ಟೇಜ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಒಮ್ಮೆ ರೇಸ್ ಮಾಡಿದ ಮೇಲೆ 7 ವೋಲ್ಟ್, 152 ಹರ್ಟ್ಸ್. ಹೆಡ್‌ಲೈಟ್ ಹಾಕಿದರೆ 150, 149. ಅಲ್ಲೇ ನಿಲ್ಲುತ್ತೆ. ಆದರೆ ಸೂಜಿ ಮಾತ್ರ ಕುಣಿಯುತ್ತಾನೇ ಇರುತ್ತೆ.

ವೈರಿಂಗ್‌ಹುಳ:
ಸಿಕ್ಕಿತು ಬಿಡಿ. 14ಕ್ಕೆ 7 ಅಂದರೆ ಎರಡು ಪಟ್ಟು. ಇಂಜಿನ್ ಒಂದು ಸುತ್ತಿಗೆ ಅಲ್ಟರ್ನೇಟರ್ ಎರಡು ಸುತ್ತು, 12 ಪಲ್ಸ್. ಮೀಟರ್ ಕಾಯುತ್ತಿರುವುದು 2ಕ್ಕೆ. ಆರು ಪಟ್ಟು ಜಾಸ್ತಿ ತೋರಿಸುತ್ತಿದೆ, 4500ನ್ನು 6ರಿಂದ ಭಾಗಿಸಿ: 750. ಡೀಸೆಲ್‌ಗೆ ಸರಿಯಾದ ಐಡ್ಲಿಂಗ್ ಅಲ್ವಾ! ಅಂದಹಾಗೆ ಈ ಪುಲ್ಲಿಗಳ ಮಟ್ಟಿಗೆ ಹರ್ಟ್ಸನ್ನು 5ರಿಂದ ಗುಣಿಸಿದರೆ ನೇರ ಆರ್‌ಪಿಎಂ. 152 ಇಂಟು 5, 760. ಮಲ್ಟಿಮೀಟರೇ ನಿಮ್ಮ ಆರ್‌ಪಿಎಂ ಮೀಟರ್.

ಎರಡನೆಯದು, ರೇಸ್ ಮಾಡುವವರೆಗೆ ಸೂಜಿ ಏಳದಿರೋದು. ಇದು ಚಾರ್ಜ್ ಲ್ಯಾಂಪ್ ಸಮಸ್ಯೆ. ಅಲ್ಟರ್ನೇಟರ್ ಕರೆಂಟ್ ಹುಟ್ಟಿಸಬೇಕಾದರೆ ಮೊದಲು ರೋಟರ್‌ಗೆ ಸ್ವಲ್ಪ ಕರೆಂಟ್ ಕೊಡಬೇಕು. ಅದು ಹೋಗುವುದೇ ಬ್ಯಾಟರಿ ಚಿತ್ರದ ಕೆಂಪು ಬಲ್ಬ್ ಮೂಲಕ. ಬಲ್ಬ್ ಇಲ್ಲದಿದ್ದರೆ ರೋಟರ್‌ನಲ್ಲಿ ಉಳಿದಿರುವ ಅಲ್ಪಸ್ವಲ್ಪ ಅಯಸ್ಕಾಂತವೇ ಗತಿ, ಅದಕ್ಕೆ ವೇಗ ಬೇಕು. ನಿಮ್ಮ ಮೀಟರ್ ಬೋರ್ಡ್‌ನಲ್ಲಿ ಚಾರ್ಜ್ ಲ್ಯಾಂಪ್ ಇದೆಯಾ?

ಹಳೆಜೀಪು:
ಇಲ್ಲ. ಆಮ್‌ಮೀಟರ್ ಮಾತ್ರ ಇದೆ. ಡೈನಮೋದಲ್ಲಿ 'ಡಿ ಪ್ಲಸ್' ಪಾಯಿಂಟ್ ಖಾಲಿ ಬಿಟ್ಟಿದ್ದಾರೆ.

ವೈರಿಂಗ್‌ಹುಳ:
ಅದೇ. ಇಗ್ನಿಷನ್ ಆನ್ ಆದಾಗ ಬರುವ ಲೈನ್‌ನಿಂದ ಒಂದು 12 ವೋಲ್ಟ್, 3 ವ್ಯಾಟ್ ಬಲ್ಬ್ ಮೂಲಕ ಡಿ ಪ್ಲಸ್‌ಗೆ ವೈರ್ ಎಳೆಯಿರಿ. ಫಿಲಮೆಂಟ್ ಬಲ್ಬೇ ಆಗಬೇಕು. ಸುಮ್ನೆ ಎಲ್‌ಇಡಿ ಹಾಕಿದರೆ ಸಾಕಷ್ಟು ಕರೆಂಟ್ ಹೋಗಲ್ಲ. ಮೀಟರ್ ಬಿಡಿ, ಇಷ್ಟು ದಿನ ಟ್ರಾಫಿಕ್‌ನಲ್ಲಿ ಐಡ್ಲಿಂಗ್‌ನಲ್ಲಿ ನಿಂತಾಗ ನಿಮ್ಮ ಬ್ಯಾಟರಿಯೂ ಸರಿಯಾಗಿ ಚಾರ್ಜ್ ಆಗಿರಲ್ಲ.

ಮೂರನೆಯದು ನಡುಕ. ಬೆಲ್ಟ್ ಜಾರುತ್ತಿದ್ದರೆ ಹರ್ಟ್ಸ್ ಕೂಡ ಏರಿಳಿಯಬೇಕಿತ್ತು. ಹರ್ಟ್ಸ್ ನಿಂತಿದೆ, ಸೂಜಿ ಕುಣಿಯುತ್ತಿದೆ. ಅಲ್ಲಿಗೆ ಅರ್ತಿಂಗ್. ಮೀಟರ್‌ನ ಅರ್ತ್ ವೈರ್ ಪೇಂಟ್ ಮೇಲೆ ಟೈಟ್ ಮಾಡಿರ್ತಾರೆ ನೋಡಿ.

ಜಿಪ್ಸಿಪ್ರಿಯ:
ಗುರುಗಳೇ, ಮೀಟರ್‌ನ ಹಿಂದೆ 4/6/8 ಸಿಲಿಂಡರ್ ಸ್ವಿಚ್ ಇದ್ದರೆ 8ಕ್ಕೆ ಹಾಕಿದರೆ ಆಗಲ್ವಾ?

ವೈರಿಂಗ್‌ಹುಳ:
ಅರ್ಧ ಆಗುತ್ತೆ, ಅಷ್ಟೇ. 4500 ಇದ್ದದ್ದು 2250 ಆಗುತ್ತೆ. ಆರರಿಂದ ಭಾಗಿಸಲೇಬೇಕು.

ದಾರಿ ಎರಡು. ಅಲ್ಟರ್ನೇಟರ್ ಸಿಗ್ನಲ್‌ಗೇ ಮಾಡಿದ ಡೀಸೆಲ್ ಮೀಟರ್ ಬರುತ್ತೆ, ಹಿಂದೆ ಸ್ಕ್ರೂ ತಿರುಗಿಸಿ ಹೊಂದಿಸಬಹುದು. ಜನರೇಟರ್ ಬಿಡಿಭಾಗ ಮಾರುವವರ ಹತ್ತಿರ ಕೇಳಿ. ಸಮಯ ಇಲ್ಲದವರಿಗೆ ಇದೇ ಒಳ್ಳೆಯದು. ಹಳೆ ಮೀಟರೇ ಬೇಕು ಅಂದರೆ ಎಸ್.ಪಿ. ರೋಡಿಗೆ ಹೋಗಿ ಸಿಡಿ4017 ಐಸಿ ತನ್ನಿ. ಎಣಿಸುವ ಐಸಿ ಅದು. 5ನೇ ಪಿನ್ನನ್ನು 15ಕ್ಕೆ ಸೇರಿಸಿದರೆ ಆರು ಎಣಿಸಿ ಮತ್ತೆ ಮೊದಲಿಂದ ಶುರು ಮಾಡುತ್ತೆ. 13ನೇ ಪಿನ್ ಅರ್ತ್‌ಗೆ. ಡಬ್ಲ್ಯೂ ವೈರ್ 10ಕೆ ರೆಸಿಸ್ಟರ್ ಮೂಲಕ 14ನೇ ಪಿನ್‌ಗೆ, ಅಲ್ಲಿಂದ ಅರ್ತ್‌ಗೆ 7.5 ವೋಲ್ಟ್ ಝೀನರ್. 3ನೇ ಪಿನ್‌ನಿಂದ ಇನ್ನೊಂದು 10ಕೆ, ಒಂದು ಬಿಸಿ547 ಟ್ರಾನ್ಸಿಸ್ಟರ್, ಅದರ ಕಲೆಕ್ಟರ್‌ಗೆ 1ಕೆ ಮೂಲಕ 12 ವೋಲ್ಟ್. ಕಲೆಕ್ಟರ್‌ನಿಂದಲೇ ಮೀಟರ್‌ಗೆ ವೈರ್. ಐಸಿಗೆ ಗಾಡಿಯ ಕರೆಂಟ್ ನೇರ ಕೊಡಬೇಡಿ, 7808 ರೆಗ್ಯುಲೇಟರ್ ಹಾಕಿ.

ಚೋಕ್‌ಟ್ಯೂಬ್:
ತಮ್ಮಾ, ಎಲ್ಲ ಆದ ಮೇಲೆ ಮೀಟರ್ ನಿಜ ಹೇಳ್ತಿದೆಯಾ ಅಂತ ನೋಡೋಕೆ ಖರ್ಚಿಲ್ಲದ ಒಂದು ಉಪಾಯ ಇದೆ. ಕತ್ತಲಾದ ಮೇಲೆ ಶೆಡ್‌ನಲ್ಲಿ ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಒಂದೇ ಹಾಕು. ಕ್ರ್ಯಾಂಕ್ ಪುಲ್ಲಿ ಮುಖದ ಮೇಲೆ ಸೀಮೆಸುಣ್ಣದಲ್ಲಿ ನಡುವಿನಿಂದ ಅಂಚಿಗೆ ಒಂದೇ ಗೆರೆ ಎಳಿ. ನಮ್ಮ ಕರೆಂಟ್ 50 ಹರ್ಟ್ಸ್, ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಇಂಜಿನ್ ಸರಿಯಾಗಿ 1500ಕ್ಕೆ ಬಂದಾಗ ಆ ಒಂದು ಗೆರೆ ನಾಲ್ಕಾಗಿ, ಪ್ಲಸ್ ಗುರುತಿನ ಹಾಗೆ ನಿಂತಲ್ಲೇ ನಿಂತು ಕಾಣುತ್ತೆ. ನಿಧಾನಕ್ಕೆ ತಿರುಗಿದಂತೆ ಕಂಡರೆ 1500ಕ್ಕೆ ಹತ್ತಿರ ಇದ್ದೀಯ ಅಂತ. ಎಲ್‌ಇಡಿ ಟ್ಯೂಬ್, ಎಲೆಕ್ಟ್ರಾನಿಕ್ ಚೋಕ್‌ನಲ್ಲಿ ಇದು ನಡೆಯಲ್ಲ. ಶೆಡ್ ಬಾಗಿಲು ತೆಗೆದಿರು, ಡೀಸೆಲ್ ಹೊಗೆ.

ಹಳೆಜೀಪು:
ಬಲ್ಬ್ ಹಾಕಿದೆ. ಈಗ ಇಂಜಿನ್ ಎದ್ದ ಕೂಡಲೇ ಸೂಜಿಯೂ ಏಳುತ್ತೆ. ಅರ್ತ್ ವೈರ್ ಬಿಚ್ಚಿ ನೋಡಿದರೆ ವಾಷರ್ ಕೆಳಗೆ ಹಸಿರು ಪೇಂಟ್ ಹಾಗೇ ಇತ್ತು, ಒಂದೇ ಒಂದು ಗೀರಿನ ಮೂಲಕ ಲೋಹ ಮುಟ್ಟುತ್ತಿತ್ತು. ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಬ್ಯಾಟರಿ ಮೈನಸ್‌ನಿಂದ ಬೇರೆ ವೈರೇ ತಂದೆ. ನಡುಕ ನಿಂತಿತು. 4017 ಬೋರ್ಡ್ ಮಾಡಿ ಡ್ಯಾಶ್‌ಬೋರ್ಡ್ ಹಿಂದೆ ಡಬ್ಬಿಯಲ್ಲಿ ಕೂರಿಸಿದ್ದೇನೆ. ಐಡ್ಲಿಂಗ್ 750. ಟ್ಯೂಬ್‌ಲೈಟ್ ಉಪಾಯವೂ ಮಾಡಿದೆ ಅಣ್ಣಾ, ಪ್ಲಸ್ ಗುರುತು ನಿಂತಾಗ ಮೀಟರ್ 1500ಕ್ಕಿಂತ ಕೂದಲೆಳೆ ಕೆಳಗೆ. 4000 ದಾಟಿಸದ ಇಂಜಿನ್‌ಗೆ 8000ದ ಮೀಟರ್, ಅರ್ಧ ಡಯಲ್ ದಂಡ. ಇರಲಿ, ನೋಡೋಕೆ ಚೆನ್ನಾಗಿದೆ.

ಜಿಪ್ಸಿಪ್ರಿಯ:
ನನ್ನ ಜಿಪ್ಸಿಗೆ ಝೆನ್ ಡೀಸೆಲ್‌ನ 1.5 ಇಂಜಿನ್ ಕೂರಿಸಿದ್ದೇನೆ. ಅಲ್ಟರ್ನೇಟರ್‌ನಲ್ಲಿ ಡಬ್ಲ್ಯೂ ಪಾಯಿಂಟೇ ಇಲ್ಲ. ಏನು ಮಾಡಲಿ?

ವೈರಿಂಗ್‌ಹುಳ:
ಪಾಯಿಂಟ್ ಇಲ್ಲದಿದ್ದರೂ ಒಳಗೆ ಫೇಸ್ ಇದ್ದೇ ಇರುತ್ತೆ. ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ಹಿಂದಿನ ಕವರ್ ತೆಗೆದರೆ ಸ್ಟೇಟರ್‌ನಿಂದ (ತಿರುಗದೆ ನಿಂತಿರುವ ಸುರುಳಿ) ಮೂರು ದಪ್ಪ ತಾಮ್ರದ ತಂತಿ ಡಯೋಡ್ ಪ್ಲೇಟ್‌ಗೆ ಹೋಗಿರುತ್ತೆ. ಮೂರರಲ್ಲಿ ಯಾವುದಾದರೂ ಒಂದಕ್ಕೆ ವೈರ್ ಬೆಸುಗೆ ಹಾಕಿ ರಬ್ಬರ್ ಗ್ರೋಮೆಟ್ ಮೂಲಕ ಹೊರಗೆ ತೆಗೆಯಿರಿ. ಹಿಂದೆ ವ್ಯಾಕ್ಯೂಮ್ ಪಂಪ್ ಕೂತಿದ್ದರೆ ನೀವೇ ಬಿಚ್ಚಬೇಡಿ. ಆಯಿಲ್ ಪೈಪ್ ಮತ್ತೆ ಸರಿಯಾಗಿ ಕೂರದಿದ್ದರೆ ಬ್ರೇಕ್ ಬೂಸ್ಟರ್‌ಗೆ ಕುತ್ತು, ರೀವೈಂಡಿಂಗ್ ಅಂಗಡಿಗೆ ಕೊಡಿ. ವೈರ್‌ಗೆ ಅಲ್ಟರ್ನೇಟರ್ ಪಕ್ಕದಲ್ಲೇ 1 ಆಂಪ್ ಫ್ಯೂಸ್ ಹಾಕಿಸಿ. ಆ ವೈರ್ ಎಲ್ಲಾದರೂ ಬಾಡಿಗೆ ತಗುಲಿದರೆ ಸುಡೋದು ಫ್ಯೂಸ್ ಆಗಲಿ, ಡಯೋಡ್ ಬೇಡ.